ರಸ್ತೆಗೆ ಸೌರಫಲಕ ಹಾಸಬಹುದೆ?



ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಸುತ್ತಮುತ್ತ ತೆಂಗು, ಅಡಿಕೆ, ನಡುನಡುವೆ ರಾಗಿ ಹೊಲ. ಇವುಗಳ ಮಧ್ಯೆ ಹಾದುಹೋಗುವ ಡಾಂಬರು ರಸ್ತೆಯ ಮೇಲೆ ಮಾರ್ಚ್ ತಿಂಗಳ ಮಧ್ಯಾಹ್ನ ಬರಿಗಾಲಿನಲ್ಲಿ ನಿಂತು ನೋಡಿ. ಹತ್ತು ಎಣಿಸುವುದರೊಳಗೆ ಬದಿಯ ಮಣ್ಣಿಗೆ ಹಾರುತ್ತೀರಿ. ಇಷ್ಟೊಂದು ಬಿಸಿಲು ವ್ಯರ್ಥವಾಗಿ ರಸ್ತೆಯನ್ನು ಕಾಯಿಸುತ್ತಿದೆಯಲ್ಲ, ಆ ರಸ್ತೆಗೇ ಸೌರಫಲಕ ಹಾಸಿಬಿಟ್ಟರೆ ಊರಿಗೆಲ್ಲ ವಿದ್ಯುತ್ ಬರುವುದಿಲ್ಲವೆ? ಈ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನಸ್ಸಿಗೆ ಬಂದಿರಬಹುದು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮೋಕೋಲಿನ ಮೇಲೆ ಇಂಥ ರಸ್ತೆಯ ಮಾದರಿ ಮಾಡಿಟ್ಟವರೂ ಉಂಟು. ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಹುಡುಕಲು ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ಒಂದು ಪೆನ್ಸಿಲು, ಒಂದು ಹಾಳೆ ಸಾಕು. ಇಂದು ನಾವು ಆ ಲೆಕ್ಕವನ್ನು ಮಾಡೋಣ.

ಮೊದಲು ಆಸೆ ಹುಟ್ಟಿಸುವ ಲೆಕ್ಕ. ಒಂದು ಹಳ್ಳಿ ರಸ್ತೆಯಲ್ಲಿ ಡಾಂಬರು ಹಾಕಿದ ಭಾಗದ ಅಗಲ ಸಾಮಾನ್ಯವಾಗಿ 3.75 ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ 3,750 ಚದರ ಮೀಟರ್ ಆಯಿತು. ನಮ್ಮ ತುಮಕೂರು ಜಿಲ್ಲೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ಐದೂವರೆ ಯೂನಿಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಯೂನಿಟ್ ಎಂದರೆ ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರೆದಿರುವ ಅದೇ ಯೂನಿಟ್. ಒಂದು ಕಿಲೋವಾಟ್ ಶಕ್ತಿಯನ್ನು ಒಂದು ಗಂಟೆ ಉರಿಸಿದರೆ ಒಂದು ಯೂನಿಟ್. ಅಂದಮೇಲೆ ನಮ್ಮ ಒಂದು ಕಿಲೋಮೀಟರ್ ರಸ್ತೆಯ ಮೇಲೆ ದಿನವೂ ಇಪ್ಪತ್ತು ಸಾವಿರ ಯೂನಿಟ್ಟಿಗೂ ಹೆಚ್ಚು ಶಕ್ತಿ ಸುರಿಯುತ್ತಿದೆ. ಇಂದಿನ ಸೌರಫಲಕಗಳು ಅದರಲ್ಲಿ ಐದನೆಯ ಒಂದು ಭಾಗವನ್ನು ವಿದ್ಯುತ್ತಾಗಿಸಬಲ್ಲವು. ನಾಲ್ಕು ಸಾವಿರ ಯೂನಿಟ್! ಹಳ್ಳಿಯ ಒಂದು ಮನೆ ದಿನಕ್ಕೆ ಎರಡೋ ಮೂರೋ ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ, ಒಂದೇ ಕಿಲೋಮೀಟರ್ ರಸ್ತೆಯಿಂದ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಬೆಳಕು.

ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪಿಲ್ಲ. ಅದಕ್ಕಾಗಿಯೇ ಜಗತ್ತಿನ ಹಲವು ಕಡೆ ಜನ ಇದನ್ನು ಮಾಡಿ ನೋಡಿದ್ದಾರೆ. ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮ್ ಬಳಿಯ ಕ್ರೊಮೆನಿ ಎಂಬಲ್ಲಿ 2014ರಲ್ಲಿ 70 ಮೀಟರ್ ಉದ್ದದ ಸೈಕಲ್ ಹಾದಿಗೆ ಸೌರಕೋಶಗಳನ್ನು ಅಳವಡಿಸಿದರು. ಅದೇ ವರ್ಷ ಅಮೆರಿಕದ ಐಡಾಹೊ ರಾಜ್ಯದ ದಂಪತಿಗಳಿಬ್ಬರು ಸೌರರಸ್ತೆಯ ಕನಸನ್ನು ಜನರ ಮುಂದಿಟ್ಟು ಸಾರ್ವಜನಿಕರಿಂದಲೇ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಅವರು ಹೊರತಂದ ಚಿತ್ರದಲ್ಲಿ ರಸ್ತೆಗಳು ರಾತ್ರಿ ದೀಪಾವಳಿಯಂತೆ ಹೊಳೆಯುತ್ತಿದ್ದವು. ದೂರದರ್ಶನದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು ಹೇಳುತ್ತೇನೆ: ಗಣಕಯಂತ್ರದಲ್ಲಿ ಬರೆದ ರಸ್ತೆಯ ಮೇಲೆ ಎಂದೂ ಧೂಳು ಕೂರುವುದಿಲ್ಲ, ಲಾರಿಯ ಭಾರಕ್ಕೆ ಅದು ಬಿರುಕು ಬಿಡುವುದೂ ಇಲ್ಲ. ತೆರೆಯ ಮೇಲೆ ಅಂಥ ಚಿತ್ರ ಕಂಡಾಗ ಇದು ಕ್ಯಾಮೆರಾ ಕಂಡದ್ದೋ ಕಲಾವಿದ ಬರೆದದ್ದೋ ಎಂದು ಮೊದಲು ಕೇಳಿಕೊಳ್ಳಿ. 2016ರಲ್ಲಿ ಅದೇ ರಾಜ್ಯದ ಸ್ಯಾಂಡ್‌ಪಾಯಿಂಟ್ ಪಟ್ಟಣದ ಚೌಕದಲ್ಲಿ ನಿಜವಾಗಿ ಹಾಸಿದ್ದು ಮೂವತ್ತು ಬಿಲ್ಲೆಗಳನ್ನು. ಉದ್ಘಾಟನೆಯ ದಿನವೇ ಅವುಗಳಲ್ಲಿ ಬಹಳಷ್ಟು ಕೆಲಸ ಮಾಡುತ್ತಿರಲಿಲ್ಲ.

ಇನ್ನೊಂದು ದೊಡ್ಡ ಪ್ರಯತ್ನ ಫ್ರಾನ್ಸಿನದು. ನಾರ್ಮಂಡಿ ಪ್ರಾಂತದ ಟುರೂವ್ರ್ ಎಂಬ ಸಣ್ಣ ಊರಿನಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೋಮೀಟರ್ ಸೌರರಸ್ತೆ ತೆರೆಯಿತು. 2,800 ಚದರ ಮೀಟರ್ ಫಲಕ, 50 ಲಕ್ಷ ಯೂರೋ ವೆಚ್ಚ. ಅಂದಿನ ದರದಲ್ಲಿ ನಮ್ಮ 35 ಕೋಟಿ ರೂಪಾಯಿಗೂ ಹೆಚ್ಚು. ದಿನಕ್ಕೆ 800 ಯೂನಿಟ್ಟಿನ ಆಸುಪಾಸು ಬರಬಹುದೆಂದು ಎಣಿಸಿದ್ದರು. 2017ರ ಇಡೀ ವರ್ಷದಲ್ಲಿ ಬಂದದ್ದು ಸುಮಾರು ಒಂದೂವರೆ ಲಕ್ಷ ಯೂನಿಟ್, ಅಂದರೆ ದಿನಕ್ಕೆ 400 ಚಿಲ್ಲರೆ. 2018ರಲ್ಲಿ ಅದು 80 ಸಾವಿರಕ್ಕೂ ಕೆಳಗಿಳಿಯಿತು. ಅದೇ ವರ್ಷ ರಸ್ತೆಯ 90 ಮೀಟರ್ ಭಾಗವನ್ನು, ದುರಸ್ತಿಗೆ ಬಾರದಷ್ಟು ಕೆಟ್ಟಿದ್ದರಿಂದ, ಕಿತ್ತುಹಾಕಬೇಕಾಯಿತು. ವಾಹನ ಓಡಿದಾಗ ಬರುವ ಸದ್ದು ತಾಳಲಾರದೆ ಅಲ್ಲಿ ವೇಗಮಿತಿಯನ್ನು ಗಂಟೆಗೆ 70 ಕಿಲೋಮೀಟರಿಗೆ ಇಳಿಸಿದರು. ಫಲಕಗಳನ್ನು ಕೆಡಿಸಿದವರು ಯಾರು ಬಲ್ಲಿರಾ? ಆ ಊರಿನ ಟ್ರಾಕ್ಟರುಗಳು, ಮತ್ತು ರಸ್ತೆಬದಿಯ ಮರಗಳಿಂದ ಉದುರಿದ ಎಲೆಗಳು. ಟ್ರಾಕ್ಟರೂ ಎಲೆಯೂ ಸಿ.ಎಸ್. ಪುರದಲ್ಲಿ ಇಲ್ಲವೆ?

ಈಗ ಕಾರಣಗಳನ್ನು ಒಂದೊಂದಾಗಿ ನೋಡೋಣ. ಇವುಗಳಲ್ಲಿ ಒಂದು ನಮ್ಮ ಊರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ರಸ್ತೆ ಚಪ್ಪಟೆ. ಸೌರಫಲಕವನ್ನು ಸೂರ್ಯನ ಕಡೆಗೆ ಓರೆಯಾಗಿ ನಿಲ್ಲಿಸಿದರೆ ಹೆಚ್ಚು ಬೆಳಕು ಹಿಡಿಯುತ್ತದೆ. ಭೂಮಧ್ಯರೇಖೆಯಿಂದ 48 ಡಿಗ್ರಿ ಉತ್ತರದಲ್ಲಿರುವ ಫ್ರಾನ್ಸಿನ ಆ ಊರಿನಲ್ಲಿ ಚಳಿಗಾಲದ ಸೂರ್ಯ ದಿಗಂತದ ಬಳಿಯೇ ತೆವಳುತ್ತಾನೆ. ಅಲ್ಲಿ ಚಪ್ಪಟೆ ಫಲಕಕ್ಕೆ ನಷ್ಟ ಬಹಳ. ನಾವಿರುವುದು 13 ಡಿಗ್ರಿಯಲ್ಲಿ. ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರವೇ ಇರುತ್ತಾನೆ. ಇಲ್ಲಿ ಫಲಕವನ್ನು ಮಲಗಿಸಿದರೂ ಆಗುವ ನಷ್ಟ ಶೇಕಡ ಐದರೊಳಗೆ. ಸೌರರಸ್ತೆಯನ್ನು ಟೀಕಿಸುವ ಯೂರೋಪಿನ ಬರಹಗಳನ್ನು ಓದಿ ಹಾಗೆಯೇ ಒಪ್ಪಿಸುವವರು ಈ ಅಂಶವನ್ನು ಮರೆಯುತ್ತಾರೆ.

ಆದರೆ ಶಾಖದ ವಿಷಯದಲ್ಲಿ ನಮಗೆ ನಷ್ಟ ಹೆಚ್ಚು. ಸೌರಕೋಶಕ್ಕೆ ಬೆಳಕು ಬೇಕು, ಬಿಸಿ ಬೇಡ. 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಪ್ರತಿ ಡಿಗ್ರಿಗೂ ಅದರ ಉತ್ಪಾದನೆ ಶೇಕಡ 0.4ರಷ್ಟು ಕುಸಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಡಾಂಬರಿನ ಮೈ 60 ಡಿಗ್ರಿ ಮೀರುತ್ತದೆ. 35 ಡಿಗ್ರಿ ಹೆಚ್ಚಾದರೆ ಎಷ್ಟು ನಷ್ಟ? ಶೇಕಡ 14. ಚಾವಣಿಯ ಮೇಲೆ ನಿಲ್ಲಿಸಿದ ಫಲಕವೂ ಕಾಯುತ್ತದೆ, ನಿಜ; ಆದರೆ ಅದರ ಅಡಿಯಲ್ಲಿ ಗಾಳಿಯಾಡುತ್ತದೆ. ರಸ್ತೆಯಲ್ಲಿ ಹುದುಗಿದ ಫಲಕಕ್ಕೆ ಆ ಗಾಳಿ ಎಲ್ಲಿಂದ ಬರಬೇಕು?

ಇನ್ನು ನೆರಳು. ಗಣೇಶನ ಹಬ್ಬದ ಚಪ್ಪರಕ್ಕೆ ಕಟ್ಟುವ ಸೀರಿಯಲ್ ಸೆಟ್ ದೀಪಗಳನ್ನು ನೋಡಿದ್ದೀರಲ್ಲವೆ? ಹಳೆಯ ಸೆಟ್ಟುಗಳಲ್ಲಿ ಒಂದು ಬಲ್ಬು ಹೋದರೆ ಸಾಲೇ ಆರಿಹೋಗುತ್ತಿತ್ತು. ಒಂದು ಸೌರಕೋಶ ಕೊಡುವುದು ಅರ್ಧ ವೋಲ್ಟಿನಷ್ಟು ಮಾತ್ರ. ಆದ್ದರಿಂದ ಹತ್ತಾರು ಕೋಶಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ ಫಲಕ ಮಾಡುತ್ತಾರೆ. ಸರಣಿಯಲ್ಲಿ ವಿದ್ಯುತ್ ಪ್ರವಾಹ ಎಲ್ಲ ಕಡೆಯೂ ಒಂದೇ ಎಂದು ನೀವು ಓದಿದ್ದೀರಿ. ಒಂದು ಕೋಶದ ಮೇಲೆ ಒಂದು ಎಲೆ ಬಿದ್ದರೆ ಆ ಕೋಶ ದುರ್ಬಲವಾಗಿ ಇಡೀ ಸಾಲನ್ನು ತನ್ನ ಮಟ್ಟಕ್ಕೆ ಎಳೆಯುತ್ತದೆ. ಇದನ್ನು ತಪ್ಪಿಸಲು ಡಯೋಡುಗಳನ್ನು ಹಾಕಿ ಪ್ರವಾಹಕ್ಕೆ ಬಳಸುದಾರಿ ಮಾಡಿಕೊಡುತ್ತಾರೆ. ಆಗ ಪೂರ್ತಿ ಫಲಕ ಸಾಯುವುದಿಲ್ಲ, ಅದರ ಒಂದು ಭಾಗ ಸಾಯುತ್ತದೆ. ಒಂದು ಎಲೆಗೇ ಹೀಗಾದರೆ ಹುಣಸೆ ಮರ, ಹೊಂಗೆ ಮರ, ತೆಂಗಿನ ಸಾಲುಗಳ ನೆರಳಿಗೆ ಏನಾದೀತು? ರಸ್ತೆಯ ಇಕ್ಕೆಲದ ಮರಗಳನ್ನು ಕಡಿದು ಸೌರರಸ್ತೆ ಮಾಡಬೇಕೆಂದರೆ ನಾನಂತೂ ಒಪ್ಪಲಾರೆ. ಬಿಸಿಲಲ್ಲಿ ಶಾಲೆಗೆ ನಡೆದು ಹೋಗುವ ನೀವೂ ಒಪ್ಪಲಾರಿರಿ.

ಧೂಳು, ಸಗಣಿ, ಕೆಸರು ಇವುಗಳ ಮಾತು ಬೇರೆ ಹೇಳಬೇಕಿಲ್ಲ. ಆದರೆ ನಮ್ಮ ಸೀಮೆಗೇ ವಿಶೇಷವಾದ ಒಂದು ಸಂಗತಿಯಿದೆ. ಇದನ್ನು ಯಾವ ವಿದೇಶಿ ಎಂಜಿನಿಯರನೂ ಊಹಿಸಿರಲಾರ. ಡಿಸೆಂಬರ್, ಜನವರಿ ತಿಂಗಳಲ್ಲಿ ನಮ್ಮ ಹಳ್ಳಿ ರಸ್ತೆಗಳು ರಸ್ತೆಗಳಾಗಿರುವುದಿಲ್ಲ, ಕಣಗಳಾಗಿರುತ್ತವೆ. ರೈತರು ರಾಗಿಯನ್ನು, ಹುರುಳಿಯನ್ನು ತಂದು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿಗಳ ಚಕ್ರವೇ ರೋಣಗಲ್ಲು. ಸ್ಕೂಟರು ಸವಾರರು ಜಾರಿ ಬಿದ್ದದ್ದೂ ಉಂಟು. ಹೀಗೆ ಮಾಡಬೇಡಿ ಎಂದು ಅಧಿಕಾರಿಗಳು ಎಚ್ಚರಿಸುವುದೂ ಉಂಟು. ಆದರೂ ಸಗಣಿ ಸಾರಿಸಿದ ಕಣ ಮಾಡಲು ಆಳಿಲ್ಲ, ಜಾಗವಿಲ್ಲ ಎಂಬ ರೈತನ ಕಷ್ಟ ಸುಳ್ಳಲ್ಲ. ಈಗ ಯೋಚಿಸಿ: ಮಳೆ ಮುಗಿದು ಆಕಾಶ ನಿರ್ಮಲವಾಗಿ, ಬಿಸಿಲಿದ್ದೂ ಗಾಳಿ ತಣ್ಣಗಿರುವ, ಸೌರಕೋಶಕ್ಕೆ ಅತ್ಯುತ್ತಮವಾದ ತಿಂಗಳುಗಳಲ್ಲೇ ನಮ್ಮ ರಸ್ತೆಯ ಮೇಲೆ ಮೊಣಕಾಲೆತ್ತರ ರಾಗಿ ಹುಲ್ಲು ಬಿದ್ದಿರುತ್ತದೆ!

ಭಾರದ ವಿಷಯಕ್ಕೆ ಬರೋಣ. ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಡಾಂಬರು ರಸ್ತೆ ಗಟ್ಟಿಯಾಗಿ ಕಂಡರೂ ಅದು ಬಾಗುವ ವಸ್ತು. ಚಕ್ರ ಹಾದಾಗ ಕೂದಲೆಳೆಯಷ್ಟು ತಗ್ಗಿ ಮತ್ತೆ ಮೇಲೇಳುತ್ತದೆ. ಕೆಳಗಿನ ಜಲ್ಲಿಯ ಪದರಗಳು ಭಾರವನ್ನು ಅಗಲಕ್ಕೆ ಹಂಚಿ ನೆಲಕ್ಕೆ ಇಳಿಸುತ್ತವೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪ್ರಯೋಗ ರಸ್ತೆಗಳ ಮೇಲೆ ಎರಡು ವರ್ಷ ಹಗಲು ರಾತ್ರಿ ಲಾರಿ ಓಡಿಸಿ ಒಂದು ನಿಯಮವನ್ನು ಕಂಡುಕೊಂಡರು: ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಒಂದು ಸಣ್ಣ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ ಭಾರ. ತುಂಬಿದ ಲಾರಿಯ ಒಂದು ಅಚ್ಚಿನ ಮೇಲೆ ಹತ್ತು ಟನ್. ಭಾರ ಇಪ್ಪತ್ತು ಪಟ್ಟು; ಹಾನಿ ಇಪ್ಪತ್ತನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 1,60,000 ಪಟ್ಟು! ಜಲ್ಲಿ ಹೊತ್ತ ಒಂದು ಟಿಪ್ಪರ್ ಲಾರಿ ಹಾದುಹೋದರೆ ಲಕ್ಷಾಂತರ ಕಾರು ಹೋದಂತೆ. ಈಗ ಆ ರಸ್ತೆಯೊಳಗೆ ನಾವು ಇಡಲು ಹೊರಟಿರುವುದು ಯಾವುದನ್ನು? ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ತೆಳ್ಳಗಿರುವ, ಹಪ್ಪಳದಂತೆ ಮುರಿಯುವ ಸಿಲಿಕಾನ್ ಬಿಲ್ಲೆಯನ್ನು. ಅದನ್ನು ಕಾಪಾಡಲು ಮೇಲೆ ದಪ್ಪ ಗಾಜು ಅಥವಾ ರಾಳದ ಪದರ ಬೇಕು. ಗಾಜು ನುಣುಪಾಗಿದ್ದರೆ ಮಳೆಯಲ್ಲಿ ಗಾಡಿ ಜಾರುತ್ತದೆ. ಒರಟು ಮಾಡಿದರೆ ಬೆಳಕು ಚದುರುತ್ತದೆ, ಕೊಳೆ ಕೂರುತ್ತದೆ. ಚಕ್ರಕ್ಕೆ ಬೇಕಾದದ್ದು ಬೆಳಕಿಗೆ ಬೇಡ. ಎಂಜಿನಿಯರುಗಳ ಜಾಣತನ ಇಲ್ಲಿ ಸೋಲುತ್ತದೆ ಎಂದಲ್ಲ, ಆದರೆ ಎರಡು ಕಡೆಯೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಕಳ್ಳರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಚೀನಾದ ಜಿನಾನ್ ನಗರದಲ್ಲಿ 2017ರ ಕೊನೆಯಲ್ಲಿ ಒಂದು ಕಿಲೋಮೀಟರಿನ ಸೌರಹೆದ್ದಾರಿ ತೆರೆದರು. ವಾರ ಕಳೆಯುವಷ್ಟರಲ್ಲಿ ಅದರ ಒಂದು ತುಂಡನ್ನು ಯಾರೋ ಕಿತ್ತುಕೊಂಡು ಹೋದರೆಂದು ವರದಿಯಾಯಿತು. ತೋಟದ ಪಂಪ್‌ಸೆಟ್ಟಿನ ಕೇಬಲ್ ಕಳೆದುಕೊಂಡ ನಮ್ಮ ರೈತರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಾದರೂ ಒಂದು ವಾದ ಉಳಿಯುತ್ತದೆ, ಅದೇ ಸೌರರಸ್ತೆಯ ಪ್ರಬಲ ವಾದ: ರಸ್ತೆಗೆ ಬೇರೆ ಜಾಗ ಬೇಡ, ರೈತನ ಭೂಮಿ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ನಾವು ಫ್ರಾನ್ಸಿಗೆ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಇನ್ನೊಂದು ತುದಿಗೆ ಹೋದರೆ ಸಾಕು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳಲ್ಲಿ ಅದೂ ಒಂದು. ಮಳೆ ಕೈಕೊಡುತ್ತಲೇ ಇದ್ದ ಆ ಸೀಮೆಯಲ್ಲಿ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭದ ದರ, ಎರಡು ವರ್ಷಕ್ಕೊಮ್ಮೆ ಶೇಕಡ ಐದರ ಏರಿಕೆ.

ಲೆಕ್ಕ ಮಾಡಿ. ಒಂದು ಮೆಗಾವಾಟಿಗೆ ಸುಮಾರು ಆರೂವರೆ ಎಕರೆ. ಗುತ್ತಿಗೆ ಹಣ ವರ್ಷಕ್ಕೆ 1,36,500 ರೂಪಾಯಿ. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವಾಟ್ ಕೇಂದ್ರ ವರ್ಷಕ್ಕೆ ಕಡಿಮೆಯೆಂದರೂ 16 ಲಕ್ಷ ಯೂನಿಟ್ ಕೊಡುತ್ತದೆ. ಭಾಗಿಸಿ ನೋಡಿ: ಒಂದು ಯೂನಿಟ್ ವಿದ್ಯುತ್ತಿನಲ್ಲಿ ಭೂಮಿಯ ಪಾಲು ಎಂಟೊಂಬತ್ತು ಪೈಸೆ! ರಸ್ತೆಗೆ ಫಲಕ ಹಾಸಿ ನಾವು ಉಳಿಸುವುದು ಈ ಎಂಟೊಂಬತ್ತು ಪೈಸೆಯನ್ನು. ಅದಕ್ಕಾಗಿ ದಪ್ಪ ಗಾಜು, ಲಾರಿಯ ಭಾರ, ಹುಲ್ಲು, ಕಳ್ಳರು ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳಬೇಕು. ಇನ್ನೊಂದು ರೀತಿಯಲ್ಲಿ ನೋಡಿದರೂ ಸರಿ. ಒಂದು ಎಕರೆ ಎಂದರೆ 4,047 ಚದರ ಮೀಟರ್. ನಮ್ಮ ಒಂದು ಕಿಲೋಮೀಟರ್ ಹಳ್ಳಿ ರಸ್ತೆ ಪೂರಾ ಒಂದು ಎಕರೆಯೂ ಆಗುವುದಿಲ್ಲ. ಹೊಲದಲ್ಲಿ ಸಾಲುಗಳ ನಡುವೆ ಜಾಗ ಬಿಡಬೇಕು, ರಸ್ತೆಯಲ್ಲಿ ಒತ್ತಾಗಿ ಹಾಸಬಹುದು ಎಂದು ವಾದಿಸಿದರೆ ಐದು ಎಕರೆಗೆ ಸಮವೆನ್ನಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಗುತ್ತಿಗೆಯ ಭೂಮಿ ಉಳಿಯಿತು. ಫ್ರಾನ್ಸಿನವರು ಒಂದು ಕಿಲೋಮೀಟರಿಗೆ ಖರ್ಚು ಮಾಡಿದ್ದು 35 ಕೋಟಿ. ಮೊದಲ ಪ್ರಯೋಗ ಯಾವಾಗಲೂ ದುಬಾರಿ, ಅದರ ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಲೆಕ್ಕ ಕೂಡಿಬರುವುದಿಲ್ಲ.

ಹಾಗೆಂದು ಪಾವಗಡದಲ್ಲಿ ಎಲ್ಲವೂ ಸುಖವೆಂದು ನಾನು ಹೇಳುತ್ತಿಲ್ಲ. ಗುತ್ತಿಗೆ ಹಣ ಬರುವುದು ಭೂಮಿ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿಯೊಳಗೆ ಹೋಗುವ ದಾರಿ ಇಲ್ಲ. ಭೂಮಿಯ ಬೆಲೆ ಎಂಟೊಂಬತ್ತು ಪೈಸೆ ಎನ್ನುವಾಗ ಈ ಜನರ ನಷ್ಟ ಅದರಲ್ಲಿ ಸೇರಿಲ್ಲ. ಭೂಮಿ ಉಳಿಸಬೇಕೆಂಬ ಆಸೆ ಆದ್ದರಿಂದ ತಪ್ಪಲ್ಲ. ರಸ್ತೆಯ ಮೈಗೆ ಅಂಟಿಸುವುದೊಂದೇ ಅದಕ್ಕೆ ದಾರಿಯೆ ಎಂಬುದು ಪ್ರಶ್ನೆ.

ರಸ್ತೆಯ ಮೇಲೆ ಹಾಸುವ ಬದಲು ಹೊದಿಸಬಹುದಲ್ಲ! ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರಲ್ಲಿ 23 ಕಿಲೋಮೀಟರ್ ಸೈಕಲ್ ಹಾದಿ ತೆರೆದರು. ಅದರ ಮೇಲೆ ಚಪ್ಪರದಂತೆ 16 ಮೆಗಾವಾಟಿನ ಫಲಕಗಳಿವೆ. ಸೈಕಲ್ ಸವಾರನಿಗೆ ನೆರಳು, ಫಲಕಕ್ಕೆ ಗಾಳಿ, ಚಕ್ರದ ಕಾಟವಿಲ್ಲ. ಗುಜರಾತಿನ ಚಂದ್ರಾಸನ್ ಎಂಬಲ್ಲಿ 2012ರಲ್ಲೇ ನರ್ಮದಾ ನಾಲೆಯ 750 ಮೀಟರ್ ಉದ್ದಕ್ಕೆ ಒಂದು ಮೆಗಾವಾಟ್ ಫಲಕಗಳನ್ನು ಹೊದಿಸಿದರು. ವಿದ್ಯುತ್ತೂ ಬಂತು, ನೀರು ಆವಿಯಾಗುವುದೂ ತಗ್ಗಿತು. ಹೇಮಾವತಿಯ ತುಮಕೂರು ಶಾಖಾ ನಾಲೆ ಹರಿಯುವುದು ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ. ಆ ನೀರಿನ ಒಂದೊಂದು ಹನಿಗೂ ಎಷ್ಟು ಜಗ್ಗಾಟವಿದೆ ಎಂಬುದು ನಿಮಗೆ ಗೊತ್ತು. ಉಕ್ಕಿನ ಚೌಕಟ್ಟಿಗೆ ಹಣ ಹೆಚ್ಚು, ಹೂಳು ತೆಗೆಯಲು ಅಡ್ಡಿ, ತಿರುವುಗಳಲ್ಲಿ ಕಷ್ಟ ಎಂಬ ದೂರುಗಳು ಇವೆ. ಆದರೂ ಇದು ಲೆಕ್ಕ ಹಾಕಿ ನೋಡಲು ಯೋಗ್ಯವಾದ ವಿಚಾರ.

ರೈಲುಹಳಿಯ ಉದಾಹರಣೆ ಇನ್ನೂ ಸ್ವಾರಸ್ಯ. ವಾರಾಣಸಿಯ ರೈಲ್ವೆ ಎಂಜಿನ್ ಕಾರ್ಖಾನೆಯವರು 2025ರಲ್ಲಿ 70 ಮೀಟರ್ ಹಳಿಯ ನಡುವಿನ ಜಾಗದಲ್ಲಿ 28 ಫಲಕ ಜೋಡಿಸಿದರು. ಸಾಮರ್ಥ್ಯ 15 ಕಿಲೋವಾಟ್. ರೈಲಿನ ಚಕ್ರ ಕಂಬಿಯ ಮೇಲಿಂದ ಆಚೀಚೆ ಸರಿಯುವುದಿಲ್ಲವಾದ್ದರಿಂದ ಫಲಕದ ಮೇಲೆ ಭಾರ ಬೀಳುವುದೇ ಇಲ್ಲ. ಹಳಿಯ ದುರಸ್ತಿಗೆ ಬೇಕಾದಾಗ ಬಿಚ್ಚಿ ಪಕ್ಕಕ್ಕಿಡಬಹುದು. ಗುಬ್ಬಿ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಆ ಎರಡು ಕಂಬಿಗಳ ನಡುವಣ ಜಾಗವನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿ. ಧೂಳು, ಕಂಪನ ಇವುಗಳ ತೊಂದರೆ ಅಲ್ಲೂ ತಪ್ಪಿದ್ದಲ್ಲ.

ಕಾಲುದಾರಿಯ ಮಾತೇನು? ನಡೆಯುವವರ, ಸೈಕಲ್ಲಿನ ಭಾರ ಕಡಿಮೆ. ಆದ್ದರಿಂದಲೇ ನೆದರ್ಲೆಂಡ್ಸಿನ ಸೈಕಲ್ ಹಾದಿ ಫ್ರಾನ್ಸಿನ ರಸ್ತೆಗಿಂತ ವಾಸಿ ಎನಿಸಿತು. ಚದರ ಮೀಟರಿಗೆ ವರ್ಷಕ್ಕೆ ಸುಮಾರು 70 ಯೂನಿಟ್ ಕೊಟ್ಟಿತು. ನಮ್ಮ ಬಿಸಿಲಿನಲ್ಲಿ ಇನ್ನೂ ಹೆಚ್ಚು ಬರಬಹುದು. ಆದರೆ ಅದೇ ಒಂದು ಚದರ ಮೀಟರ್ ಫಲಕವನ್ನು ನಿಮ್ಮ ಶಾಲೆಯ ತಾರಸಿಯ ಮೇಲೆ ಇಟ್ಟರೆ ವರ್ಷಕ್ಕೆ 300 ಯೂನಿಟ್ಟಿನಷ್ಟು ಸಿಗುತ್ತದೆ. ಶಾಲೆಯ ತಾರಸಿ, ಪಂಚಾಯಿತಿ ಕಟ್ಟಡ, ಹಾಲಿನ ಡೈರಿ, ಬಸ್ ನಿಲ್ದಾಣದ ಮಾಡು ಇವೆಲ್ಲ ಖಾಲಿ ಇರುವವರೆಗೆ ಫಲಕವನ್ನು ಕಾಲ ಕೆಳಗೆ ಹಾಕುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಿ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಅಂಗೈಯಗಲದ ಸೌರಫಲಕ ಸಿಗುತ್ತದೆ. ಕಾಲೇಜಿನ ಪ್ರಯೋಗಾಲಯದಿಂದ ಒಂದು ಮಲ್ಟಿಮೀಟರ್ ಕೇಳಿ ಪಡೆಯಿರಿ. ನಿರ್ಮಲ ಆಕಾಶವಿರುವ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಫಲಕವನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು ಎಷ್ಟು ಮಿಲಿಆಂಪಿಯರ್ ಬರುತ್ತದೆಂದು ಬರೆದುಕೊಳ್ಳಿ. ಆಮೇಲೆ ದಕ್ಷಿಣಕ್ಕೆ ಸ್ವಲ್ಪ ಓರೆ ಮಾಡಿ ಮತ್ತೆ ಓದಿ. 13 ಡಿಗ್ರಿಯ ಮಾತು ನಿಜವೋ ಎಂದು ತಿಳಿಯುತ್ತದೆ. ಒಂದು ಹೊಂಗೆ ಎಲೆಯನ್ನು ಒಂದು ಕೋಶ ಮುಚ್ಚುವಂತೆ ಇಡಿ. ಎಲೆ ತೆಗೆದು, ರಸ್ತೆಬದಿಯ ಧೂಳನ್ನು ಜರಡಿ ಹಿಡಿದಂತೆ ತೆಳುವಾಗಿ ಉದುರಿಸಿ. ಕೊನೆಗೆ ಒಂದು ಹಿಡಿ ರಾಗಿ ಹುಲ್ಲು. ಶಾಖದ ಪರಿಣಾಮ ಕಾಣಬೇಕಾದರೆ ಪ್ರವಾಹದ ಬದಲು ವೋಲ್ಟೇಜ್ ಅಳೆಯಬೇಕು: ನೆರಳಿನಲ್ಲಿ ತಣ್ಣಗಿದ್ದ ಫಲಕವನ್ನು ಬಿಸಿಲಿಗೆ ತಂದ ಕೂಡಲೇ ಒಮ್ಮೆ, ಬಿಸಿ ಡಾಂಬರಿನ ಮೇಲೆ ಅರ್ಧ ಗಂಟೆ ಇಟ್ಟ ನಂತರ ಇನ್ನೊಮ್ಮೆ. ಡಾಂಬರಿನ ಮೇಲೆ ಇಡುವಾಗ ರಸ್ತೆಯ ಅಂಚಿನಲ್ಲಿ, ಜೊತೆಗೊಬ್ಬರು ವಾಹನಗಳ ಕಡೆ ಕಣ್ಣಿಟ್ಟಿರಲಿ. ಪ್ರತಿ ಅಳತೆಯನ್ನೂ ಮೂರು ಸಲ ಮಾಡಿ ಸರಾಸರಿ ತೆಗೆದು, ಮೊದಲ ಅಳತೆಯನ್ನು ನೂರು ಎಂದಿಟ್ಟುಕೊಂಡು ಉಳಿದವನ್ನು ಶೇಕಡದಲ್ಲಿ ಬರೆಯಿರಿ. ಮುಂದಿನ ವಸ್ತುಪ್ರದರ್ಶನದಲ್ಲಿ ಥರ್ಮೋಕೋಲಿನ ರಸ್ತೆಯ ಪಕ್ಕ ಆ ಕೋಷ್ಟಕವನ್ನೂ ತೂಗುಹಾಕಿ.